ಬೆರೆಸುವ ಮುನ್ನ

ಮಿಕ್ಸರ್ ಎಂಬ ಮಾತು ಕಿವಿಗೆ ಬಿದ್ದೊಡನೆ ಗೃಹಿಣಿಯರ ಚಿತ್ತ ಅಡಿಗೆಮನೆಯತ್ತ ಹರಿಯುವುದು ಸಹಜ. ಚಟ್ನಿ ಅರೆಯುವ ಮಿಕ್ಸರೇ ಮನೆಮನೆಗೂ ಪರಿಚಿತವಾದದ್ದು. ಆದರೆ ಈಚಿನ ವರ್ಷಗಳಲ್ಲಿ ಇನ್ನೊಂದು ಜಾತಿಯ ಮಿಕ್ಸರೂ ಸಂಸಾರಸ್ಥರ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿದೆ. ಇದರಲ್ಲಿ ಅರೆಯುವ ಅಲಗಿಲ್ಲ. ಸಾಲಾಗಿ ಜೋಡಿಸಿದ ತಿರುಗುಗುಂಡಿಗಳೂ ಮೇಲೆ ಕೆಳಗೆ ಸರಿಯುವ ಕೀಲುಗಳೂ ಇವೆ. ಮೈಕಿನಿಂದ ಬಂದ ಹಾಡು, ಪೇಟಿಯ ಸ್ವರ, ತಬಲಾದ ಪೆಟ್ಟು ಇವನ್ನೆಲ್ಲ ಹದವರಿತು ಬೆರೆಸಿ ಕಂಪ್ಯೂಟರಿಗೆ ಸಾಗಿಸುವುದು ಇದರ ಕೆಲಸ. ಎರಡು ಯಂತ್ರಗಳಿಗೂ ಹೆಸರು ಒಂದಾಗಿರುವಂತೆ ಒಂದು ಗುಣವೂ ಸಮಾನವಾಗಿದೆ: ಒಮ್ಮೆ ಬೆರೆತದ್ದನ್ನು ಎರಡೂ ಹಿಂದಕ್ಕೆ ಕೊಡಲಾರವು. ಚಟ್ನಿಯಾದ ಮೇಲೆ ತೆಂಗಿನಕಾಯಿಯನ್ನು ಬೇರೆ, ಮೆಣಸಿನಕಾಯಿಯನ್ನು ಬೇರೆ ಮಾಡುವುದುಂಟೆ? ಮನೆಯಲ್ಲೇ ಹಾಡನ್ನು ಮುದ್ರಿಸಿಕೊಳ್ಳಲು ಹೊರಟವರು ಮೊಟ್ಟಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಇದು.

ಹಾಡನ್ನು ಹಿಡಿದಿಡುವ ಆಸೆ ಇಂದು ನಿನ್ನೆಯದಲ್ಲ. 1902ರ ನವೆಂಬರಿನಲ್ಲಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯವರ ಮುಂದೆ ಹಾಡಿದಾಗ ಮೈಕು ಇರಲಿಲ್ಲ. ಲೋಹದ ಕೊಂಬಿನ ಬಾಯಿಗೆ ಮುಖವೊಡ್ಡಿ, ದನಿಯೆತ್ತಿ, ಸುಮಾರು ಮೂರು ನಿಮಿಷದೊಳಗೆ ರಾಗವನ್ನು ಮುಗಿಸಬೇಕಾಗಿತ್ತು. ಹಾಡು ಮುಗಿದೊಡನೆ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಇದು ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಲೆಂಬುದೇ ಅದರ ಉದ್ದೇಶ. ಆ ಗಾಯಕಿ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು, 1930ರಲ್ಲಿ ಮೈಸೂರಿನಲ್ಲೇ ಕಣ್ಮುಚ್ಚಿದರು. ಐದು ವರ್ಷಗಳ ತರುವಾಯ, 1935ರಲ್ಲಿ, ಅದೇ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ರೇಡಿಯೋ ನಿಲಯವನ್ನು ಆರಂಭಿಸಿದರು. ಆ ನಿಲಯದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ರೇಡಿಯೋಗೆ ಹೆಸರಾಯಿತು. ಮನೆಯ ಕೋಣೆಯೊಂದು ಸಂಗೀತದ ಕಾರ್ಯಶಾಲೆಯಾಗಬಲ್ಲದೆಂಬುದಕ್ಕೆ ಕನ್ನಡನಾಡಿನಲ್ಲಿ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಬಳ್ಳಾರಿಯವರಿಗಂತೂ ಕಂಠದ ಬೆಲೆಯನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ರಂಗಭೂಮಿಯ ಮಹಾನಟ ಬಳ್ಳಾರಿ ರಾಘವರು (1880–1946) ಈ ಊರಿನ ಹೆಸರನ್ನೇ ತಮ್ಮ ಹೆಸರಿಗೆ ಕೂಡಿಸಿಕೊಂಡವರು. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥೆ ಈರಮ್ಮನವರು ಓದುಬರಹ ಅರಿಯದೆಯೇ ಉದ್ದುದ್ದ ಕಥನಕಾವ್ಯಗಳನ್ನು ನೆನಪಿನಿಂದ ಹಾಡುತ್ತಿದ್ದರು. 2014ರಲ್ಲಿ ಅವರು ತೀರಿಕೊಂಡರು. ಅಂಥ ಹಿರಿಯ ಕಲಾವಿದರನ್ನು ಅರಸಿಕೊಂಡು ವಿದ್ವಾಂಸರು ಬರುತ್ತಾರೆ, ಯಂತ್ರಗಳನ್ನು ತರುತ್ತಾರೆ, ಹಾಡಿದ್ದನ್ನು ಬರೆದುಕೊಳ್ಳುತ್ತಾರೆ. ಆದರೆ ಮನೆಯ ಅಜ್ಜಿಯನ್ನು ಅರಸಿಕೊಂಡು ಯಾರು ಬರುತ್ತಾರೆ? ಆಕೆಯ ಬೀಸುವ ಪದ, ಸೋಬಾನೆ, ತೊಟ್ಟಿಲ ಹಾಡು ಇವು ಉಳಿಯಬೇಕಾದರೆ ಮೊಮ್ಮಕ್ಕಳೇ ಉಳಿಸಬೇಕು. ಮನೆಯೊಳಗಿನ ಧ್ವನಿಮುದ್ರಣವೆಂಬುದು ಈ ದೃಷ್ಟಿಯಿಂದ ಬರಿಯ ಹವ್ಯಾಸವಲ್ಲ.

ಬ್ರೂಸ್‌ಪೇಟೆಯ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಲಿ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮೊಮ್ಮಗ ದಸರೆಯ ರಜೆಗೆ ಬಂದಿದ್ದಾನೆ. ಜೊತೆಗೆ ಒಂದು ಪುಟ್ಟ ಮಿಕ್ಸರ್, ಎರಡು ಮೈಕು, ಲ್ಯಾಪ್‌ಟಾಪು. ಎಂಬತ್ತರ ಅಜ್ಜಿ ಹಾಡಲು ಒಪ್ಪಿದ್ದಾಳೆ; ಸೋದರಮಾವ ಪೇಟಿಯ ಮುಂದೆ ಕುಳಿತಿದ್ದಾನೆ. ಹಾಡು ಸೊಗಸಾಗಿ ನಡೆಯುತ್ತದೆ, ಎಲ್ಲರೂ ತಲೆದೂಗುತ್ತಾರೆ. ರಾತ್ರಿ ಊಟವಾದ ಮೇಲೆ ಕೇಳಿದರೆ ಪೇಟಿಯ ಅಬ್ಬರದ ಅಡಿಯಲ್ಲಿ ಅಜ್ಜಿಯ ದನಿ ಹೂತುಹೋಗಿದೆ! ಪೇಟಿಯನ್ನು ತಗ್ಗಿಸಿದರೆ ಅಜ್ಜಿಯೂ ತಗ್ಗುತ್ತಾಳೆ. ಅಜ್ಜಿಯನ್ನು ಏರಿಸಿದರೆ ಪೇಟಿಯೂ ಏರುತ್ತದೆ. “ನಾಳೆ ಇನ್ನೊಂದು ಸಲ ಹಾಡಜ್ಜಿ” ಎಂದು ಕೇಳಬಹುದು, ನಿಜ. ಆದರೆ ಎಂಬತ್ತರ ಕಂಠಕ್ಕೆ ನಾಳೆಯೆಂಬುದು ಇಂದಿನಂತೆಯೇ ಇರುತ್ತದೆಂದು ಹೇಳುವವರಾರು? ಈ ಅನರ್ಥಕ್ಕೆ ಯಂತ್ರ ಅಗ್ಗದ್ದಾದುದು ಕಾರಣವಲ್ಲ. ಎರಡು ದನಿಗಳು ಕಂಪ್ಯೂಟರನ್ನು ಮುಟ್ಟುವ ಮೊದಲೇ ಒಂದಾಗಿಹೋದುದೇ ಕಾರಣ. ಅದು ಹೇಗೆಂಬುದನ್ನು ತಿಳಿಯಬೇಕಾದರೆ ದನಿ ಸಾಗುವ ಹಾದಿಯನ್ನು ಒಮ್ಮೆ ನಡೆದು ನೋಡಬೇಕು.

ಮೈಕಿನಿಂದ ಹೊರಡುವ ವಿದ್ಯುತ್ತು ಅತಿ ಕ್ಷೀಣವಾದದ್ದು. ಒಂದು ವೋಲ್ಟಿನ ಸಾವಿರದಲ್ಲಿ ಕೆಲವೇ ಪಾಲು. ಮಿಕ್ಸರಿನ ಮೊದಲ ಕೆಲಸ ಇದನ್ನು ಹಿಗ್ಗಿಸುವುದು. ಪ್ರತಿ ಸಾಲಿನ ನೆತ್ತಿಯಲ್ಲಿರುವ ‘ಗೇನ್’ ಎಂಬ ಗುಂಡಿ ಇರುವುದು ಅದಕ್ಕಾಗಿಯೇ. ಕಂಡೆನ್ಸರ್ ಜಾತಿಯ ಮೈಕುಗಳಿಗೆ ಮಿಕ್ಸರೇ 48 ವೋಲ್ಟಿನ ಆಹಾರವನ್ನೂ ಉಣಿಸಬೇಕಾಗುತ್ತದೆ. ಸಭೆಗಳಲ್ಲಿ ಕೈಯಲ್ಲಿ ಹಿಡಿದು ಮಾತಾಡುವ ಡೈನಮಿಕ್ ಮೈಕಿಗೆ ಆ ಅವಶ್ಯಕತೆಯಿಲ್ಲ. ಹೀಗೆ ಪುಷ್ಟಿಗೊಂಡು ಮಿಕ್ಸರಿನಿಂದ ಹೊರಬೀಳುವ ದನಿಗೆ ‘ಲೈನ್’ ಎಂದು ಹೆಸರು. ಅದರ ಬಲ ಮೈಕಿನ ದನಿಯ ನೂರು ಪಟ್ಟಿನಷ್ಟಾದರೂ ಇರುತ್ತದೆ.

ಹೊಸಬರು ಎಡವುವುದು ಇಲ್ಲಿಯೇ. ಲ್ಯಾಪ್‌ಟಾಪಿನ ಪಕ್ಕದಲ್ಲಿರುವ ಒಂಟಿ ತೂತು ಹೆಡ್‌ಸೆಟ್ಟಿಗೆಂದು ಮಾಡಿದ್ದು. ಅದು ನಿರೀಕ್ಷಿಸುವುದು ಮೈಕಿನ ಕ್ಷೀಣದನಿಯನ್ನು, ಅದೂ ಒಂದೇ ದಾರಿಯ ದನಿಯನ್ನು. ಮಿಕ್ಸರಿನ ಬಲವಾದ ಲೈನನ್ನು ಅಲ್ಲಿಗೆ ತುರುಕಿದರೆ ಕುಡಿಕೆಗೆ ಕಾಲುವೆಯನ್ನು ತಿರುಗಿಸಿದಂತಾಗುತ್ತದೆ. ಹಾಡು ಒಡೆದು ಕರ್ಕಶವಾಗುತ್ತದೆ. ಎಡಬಲಗಳ ಭೇದವೂ ಅಳಿಯುತ್ತದೆ. ಮೇಜಿನ ಮೇಲಿಡುವ ದೊಡ್ಡ ಕಂಪ್ಯೂಟರುಗಳ ಬೆನ್ನಿನಲ್ಲಿ ಮೂರು ಬಣ್ಣದ ತೂತುಗಳಿರುವುದುಂಟು: ಗುಲಾಬಿ ಮೈಕಿಗೆ, ಹಸಿರು ಸ್ಪೀಕರಿಗೆ, ತಿಳಿನೀಲಿ ಲೈನಿಗೆ. ಮಿಕ್ಸರಿನ ‘ಟೇಪ್ ಔಟ್’ ಅಥವಾ ‘ರೆಕ್ ಔಟ್’ ಎಂಬಲ್ಲಿಂದ ಹೊರಟ ಕೇಬಲ್ಲು ಸೇರಬೇಕಾದದ್ದು ಆ ತಿಳಿನೀಲಿಯನ್ನು. ಅದಿಲ್ಲದ ಲ್ಯಾಪ್‌ಟಾಪಿಗೆ ಯುಎಸ್‌ಬಿಯ ಮೂಲಕ ಕೂಡಿಸುವ, ಲೈನ್ ಪ್ರವೇಶವುಳ್ಳ ಪುಟ್ಟ ಸೌಂಡ್ ಕಾರ್ಡು ದೊರೆಯುತ್ತದೆ.

ಈಗ ಮಾರಾಟಕ್ಕೆ ಬರುವ ಅನೇಕ ಮಿಕ್ಸರುಗಳಲ್ಲಿ ಯುಎಸ್‌ಬಿ ಒಳಗೇ ಇರುತ್ತದೆ. ಆದರೆ ಯುಎಸ್‌ಬಿ ಎಂದು ಬರೆದ ಮಾತ್ರಕ್ಕೆ ಕಂಪ್ಯೂಟರಿಗೆ ದಾರಿಯಾಯಿತೆಂದು ತಿಳಿಯಬಾರದು. ಕೆಲವು ಅಗ್ಗದ ಮಿಕ್ಸರುಗಳಲ್ಲಿರುವ ಚಪ್ಪಟೆ ತೂತು ಪೆನ್‌ಡ್ರೈವಿನ ಹಾಡುಗಳನ್ನು ನುಡಿಸುವುದಕ್ಕೆ ಮಾತ್ರ ಉಪಯುಕ್ತ. ಕಂಪ್ಯೂಟರಿಗೆ ದನಿಯನ್ನು ಕಳಿಸುವ ತೂತು ಸಾಮಾನ್ಯವಾಗಿ ಪ್ರಿಂಟರಿನಲ್ಲಿರುವಂತೆ ಚೌಕವಾಗಿರುತ್ತದೆ. ಹೊಸ ಮಾದರಿಗಳಲ್ಲಿ ಮೊಬೈಲಿನ ಟೈಪ್-ಸಿ ಆಕಾರದ್ದೂ ಉಂಟು. ಕೊಳ್ಳುವ ಮುನ್ನ ಅಂಗಡಿಯಲ್ಲೇ ಒಂದು ಲ್ಯಾಪ್‌ಟಾಪಿಗೆ ಕೂಡಿಸಿ, ಧ್ವನಿಯ ಸಾಧನಗಳ ಪಟ್ಟಿಯಲ್ಲಿ ಮಿಕ್ಸರಿನ ಹೆಸರು ಮೂಡುವುದೇ ಎಂದು ನೋಡಿಕೊಳ್ಳುವುದು ಜಾಣತನ.

ಇನ್ನೊಂದು ಗುಟ್ಟನ್ನು ಪೆಟ್ಟಿಗೆಯ ಮೇಲಿನ ಬಣ್ಣದ ಬರಹ ಹೇಳುವುದಿಲ್ಲ. ಮಿಕ್ಸರಿಗೆ ಆರು ಪ್ರವೇಶಗಳಿರಲಿ, ಹನ್ನೆರಡಿರಲಿ, ಅಗ್ಗದ ಬಹುತೇಕ ಯಂತ್ರಗಳು ಯುಎಸ್‌ಬಿಯ ಮೂಲಕ ಕಳಿಸುವುದು ಎರಡೇ ದಾರಿಯನ್ನು: ಎಡ ಮತ್ತು ಬಲ. ಹನ್ನೆರಡು ಹಳ್ಳಗಳ ನೀರು ಕೂಡಿ ಎರಡೇ ಕಾಲುವೆಯಾಗಿ ಹರಿದ ಮೇಲೆ ಯಾವ ಹಳ್ಳದ ನೀರು ಯಾವುದೆಂದು ಗುರುತಿಸುವುದು ಹೇಗೆ? ಊಹೆಯ ಮನೆಯಲ್ಲಿ ಅಜ್ಜಿಯ ದನಿ ಪೇಟಿಯಲ್ಲಿ ಮುಳುಗಿದ್ದು ಈ ಕಾರಣದಿಂದಲೇ. ಪ್ರತಿ ಪ್ರವೇಶವನ್ನೂ ಬೇರೆ ಬೇರೆಯಾಗಿ ಕಳಿಸುವ ಮಿಕ್ಸರುಗಳೂ ಇಂಟರ್‌ಫೇಸ್ ಎಂಬ ಸಾಧನಗಳೂ ಇಲ್ಲದಿಲ್ಲ. ಅನುಕೂಲವಿದ್ದವರು ಅವನ್ನು ಕೊಳ್ಳಬಹುದು.

ಅನುಕೂಲವಿಲ್ಲದವರಿಗೂ ಒಂದು ಉಪಾಯವಿದೆ. ಅದಕ್ಕೆ ಕಾಸಿನ ಖರ್ಚಿಲ್ಲ. ಮಿಕ್ಸರಿನ ಪ್ರತಿ ಸಾಲಿನಲ್ಲೂ ‘ಪ್ಯಾನ್’ ಎಂಬ ಗುಂಡಿಯಿರುತ್ತದೆ. ದನಿಯನ್ನು ಎಡಕ್ಕೋ ಬಲಕ್ಕೋ ಸರಿಸುವುದು ಅದರ ಕೆಲಸ. ಅಜ್ಜಿಯ ಮೈಕಿನ ಪ್ಯಾನನ್ನು ಪೂರ್ತಿ ಎಡಕ್ಕೆ ತಿರುಗಿಸಬೇಕು. ಪೇಟಿಯ ಮೈಕಿನದನ್ನು ಪೂರ್ತಿ ಬಲಕ್ಕೆ. ಈಗ ಎಡದ ದಾರಿಯಲ್ಲಿ ಅಜ್ಜಿಯ ಮೈಕು ಮಾತ್ರ, ಬಲದ ದಾರಿಯಲ್ಲಿ ಪೇಟಿಯ ಮೈಕು ಮಾತ್ರ ಸಾಗುತ್ತದೆ. ಮುದ್ರಣ ಮುಗಿದ ಮೇಲೆ, 2000ದಿಂದ ಉಚಿತವಾಗಿ ದೊರೆಯುತ್ತಿರುವ ಆಡಾಸಿಟಿಯಂಥ ತಂತ್ರಾಂಶದಲ್ಲಿ ‘ಸ್ಪ್ಲಿಟ್ ಸ್ಟೀರಿಯೋ ಟು ಮೋನೋ’ ಎಂಬ ಆಜ್ಞೆಯನ್ನು ಕೊಟ್ಟರೆ ಒಂದು ಪಟ್ಟಿ ಎರಡಾಗಿ ಬಿಡಿಸಿಕೊಳ್ಳುತ್ತದೆ. ಆಗ ಪೇಟಿಯನ್ನು ತಗ್ಗಿಸಿ ಅಜ್ಜಿಯನ್ನು ಮುಂದಕ್ಕೆ ತರಬಹುದು. ತಬಲಾವೂ ಇದ್ದರೆ ಎರಡು ವಾದ್ಯಗಳನ್ನೂ ಬಲಕ್ಕೇ ಕಳಿಸಿ, ಎಡವನ್ನು ಕಂಠಕ್ಕೆ ಮೀಸಲಿಡಬೇಕು. ವಾದ್ಯವನ್ನು ನಾಳೆಯೂ ನುಡಿಸಬಹುದು, ಕಂಠವನ್ನಲ್ಲ ಎಂಬುದೇ ಇಲ್ಲಿನ ನ್ಯಾಯ.

ಈ ಉಪಾಯ ಫಲಿಸಬೇಕಾದರೆ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದು, ಮಿಕ್ಸರಿನಲ್ಲಿರುವ ಎಕೋ, ರಿವರ್ಬ್ ಮುಂತಾದ ಅಲಂಕಾರಗಳನ್ನು ಸಂಪೂರ್ಣ ಆರಿಸಿಡಬೇಕು. ಅವು ಎರಡು ದಾರಿಗೂ ಹರಡಿಕೊಂಡು ವಿಂಗಡಣೆಯನ್ನೇ ಕೆಡಿಸುತ್ತವೆ. ಅಲ್ಲದೆ ಅಲಂಕಾರವನ್ನು ಮುಂದೆ ಎಂದಾದರೂ ಕೂಡಿಸಬಹುದು, ಕೂಡಿಸಿದ್ದನ್ನು ಕಳೆಯಲಾಗದು. ಎರಡನೆಯದು, ಗುಂಡಿಗಳನ್ನು ಎತ್ತ ತಿರುಗಿಸಿದರೂ ಅಜ್ಜಿಯ ಮೈಕಿಗೇ ಪೇಟಿ ಕೇಳಿಸಿದರೆ ಪ್ರಯೋಜನವಿಲ್ಲ. ಹಾಡಲು ಬಳಸುವ ಸಾಮಾನ್ಯ ಮೈಕುಗಳು ಎದುರಿನ ದನಿಯನ್ನು ಚೆನ್ನಾಗಿ ಕೇಳುತ್ತವೆ, ಬೆನ್ನ ಹಿಂದಿನದಕ್ಕೆ ಬಹುಮಟ್ಟಿಗೆ ಕಿವುಡು. ಆದುದರಿಂದ ಪೇಟಿ ಇರಬೇಕಾದ ಸ್ಥಳ ಅಜ್ಜಿಯ ಮೈಕಿನ ಬೆನ್ನ ಕಡೆ, ಕೋಣೆ ಬಿಟ್ಟುಕೊಟ್ಟಷ್ಟು ದೂರದಲ್ಲಿ. ಅಜ್ಜಿಯ ಬಾಯಿಗೂ ಮೈಕಿಗೂ ಒಂದು ಗೇಣಿನ ಅಂತರ ಸಾಕು.

ಇದಕ್ಕಿಂತಲೂ ಶುದ್ಧವಾದ ಕ್ರಮವೊಂದುಂಟು. ಶ್ರುತಿಯನ್ನು ಹೆಡ್‌ಫೋನಿನಲ್ಲಿ ಮಾತ್ರ ಕೇಳಿಸಿ, ಅಜ್ಜಿಯಿಂದ ಹಾಡನ್ನಷ್ಟೇ ಹಾಡಿಸಿ ಮುದ್ರಿಸಿಕೊಳ್ಳುವುದು. ಆ ಮೇಲೆ ಮಾವ ಆ ಹಾಡನ್ನು ಕೇಳುತ್ತಾ ಪೇಟಿ ನುಡಿಸಿ ಬೇರೊಂದು ಪಟ್ಟಿಯಲ್ಲಿ ಸೇರಿಸುವುದು. ಆದರೆ ಹೆಡ್‌ಫೋನು ಕಿವಿಗೇರಿದೊಡನೆ ಹಿರಿಯರ ಹಾಡು ಬಿಗಿದುಕೊಳ್ಳುವುದುಂಟು. ಮುಖ ನೋಡಿಕೊಂಡು ಹಾಡಿ ಅಭ್ಯಾಸವಾದವರಿಗೆ ಎದುರಿಗೆ ತಲೆದೂಗುವವರು ಬೇಕು. ಅಂಥವರಿಗೆ ಎಡಬಲದ ಉಪಾಯವೇ ಮೇಲು.

ಇನ್ನು ದನಿಯ ಮಟ್ಟದ ವಿಚಾರ. ಕಂಪ್ಯೂಟರಿನ ಅಳತೆಗೋಲಿನಲ್ಲಿ ಸೊನ್ನೆ ಡೆಸಿಬೆಲ್ ಎಂಬುದು ಛಾವಣಿ. ಅದಕ್ಕೆ ತಲೆ ತಾಗಿದ ದನಿಯ ತುದಿ ಕತ್ತರಿಸಿಹೋಗುತ್ತದೆ. ಆದ್ದರಿಂದ ಅಜ್ಜಿಯ ಅತಿ ಎತ್ತರದ ಸ್ವರವೂ ಮೈನಸ್ 12ರ ಸುತ್ತಮುತ್ತಲೇ ನಿಲ್ಲುವಂತೆ ಗೇನನ್ನು ಮೊದಲೇ ಹದಗೊಳಿಸಬೇಕು. ಪರೀಕ್ಷೆಗೆಂದು ಹಾಡಿಸುವಾಗ ಮೆಲ್ಲಗೆ ಗುನುಗಿಸಿದರೆ ಸಾಲದು; ಹಾಡಿನ ಏರುಭಾಗವನ್ನೇ ಹಾಡಿಸಿ ನೋಡಬೇಕು. ಸೆಕೆಂಡಿಗೆ 44,100 ಸಲ ದನಿಯನ್ನು ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್ಟುಗಳಲ್ಲಿ ಬರೆದಿಡುವುದು 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಯ ಕ್ರಮ. 24 ಬಿಟ್ಟಿನ ಸೌಲಭ್ಯವಿದ್ದರೆ ಅದನ್ನೇ ಆರಿಸಬೇಕು. ಆಗ ಮಟ್ಟವನ್ನು ತಗ್ಗಿಸಿ ಮುದ್ರಿಸಿದರೂ ನಷ್ಟವಿರದು.

ಮುದ್ರಿಸುತ್ತಿರುವಾಗಲೇ ಹೆಡ್‌ಫೋನಿನಲ್ಲಿ ಕೇಳಬಯಸುವವರಿಗೆ ಮತ್ತೊಂದು ತೊಡಕು ಎದುರಾಗುತ್ತದೆ. ಕಂಪ್ಯೂಟರ್ ದನಿಯನ್ನು ಹಿಡಿಹಿಡಿಯಾಗಿ ಶೇಖರಿಸಿ ಆಮೇಲೆ ಹಿಂದಿರುಗಿಸುತ್ತದೆ. ಆ ಹಿಡಿಯ ಗಾತ್ರ 1024 ಅಳತೆಗಳಾದರೆ ಸೆಕೆಂಡಿನ ಸಾವಿರದಲ್ಲಿ 23 ಭಾಗದಷ್ಟು ವಿಳಂಬ. ಗಾಳಿಯಲ್ಲಿ ಅಷ್ಟು ಹೊತ್ತಿನಲ್ಲಿ ಶಬ್ದ ಸುಮಾರು ಎಂಟು ಮೀಟರ್ ಸಾಗುತ್ತದೆ. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಈ ಸುಂಕ ತೆತ್ತರೆ ತನ್ನ ದನಿಯೇ ಬೀದಿಯ ಆಚೆ ಬದಿಯಿಂದ ಕೇಳಿಸಿದಂತಾಗಿ ಹಾಡುವವರ ತಾಳ ತಪ್ಪುತ್ತದೆ. ಪರಿಹಾರ ಸುಲಭ: ಹೆಡ್‌ಫೋನನ್ನು ಕಂಪ್ಯೂಟರಿಗೆ ಕೂಡಿಸದೆ ಮಿಕ್ಸರಿಗೇ ಕೂಡಿಸುವುದು. ಕಂಪ್ಯೂಟರಿನಿಂದ ಹಿಂದಿರುಗುವ ದನಿಯನ್ನು ಮಿಕ್ಸರಿನ ಮುಖ್ಯ ದಾರಿಗೆ ಸೇರಿಸುವ ಗುಂಡಿಯಿದ್ದರೆ ಮುದ್ರಣದ ವೇಳೆ ಅದನ್ನು ಒತ್ತದೆ ಬಿಡಬೇಕು. ಇಲ್ಲವಾದರೆ ಹೋದ ದನಿ ಹಿಂದಿರುಗಿ ಮತ್ತೆ ಹೋಗಿ, ಸುತ್ತಿ ಸುತ್ತಿ ಊಳಿಡಲಾರಂಭಿಸುತ್ತದೆ.

ಬಳ್ಳಾರಿಯ ಮನೆಗಳಲ್ಲಿ ಯಂತ್ರಕ್ಕಿಂತ ಬಿಸಿಲಿನ ಪೀಡೆ ಹೆಚ್ಚು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಫ್ಯಾನು ನಿಲ್ಲಿಸೆಂದು ಎಂಬತ್ತರ ಅಜ್ಜಿಗೆ ಹೇಳುವುದು ಹೇಗೆ? ಹೇಳದಿದ್ದರೆ ಹಾಡಿನ ಉದ್ದಕ್ಕೂ ಫ್ಯಾನಿನ ಗಾಳಿಯೇ ಮುದ್ರಿತವಾಗುತ್ತದೆ. ಬೆಳಗಿನ ಜಾವದ ತಂಪಿನಲ್ಲಿ, ಬೀದಿಯ ವಾಹನಗಳ ಸದ್ದು ಏಳುವ ಮುನ್ನ ಕುಳಿತುಕೊಳ್ಳುವುದೊಂದೇ ದಾರಿ. ಒಂದು ಹಾಡಿನ ಹೊತ್ತು ಮಾತ್ರ ಫ್ಯಾನು ನಿಲ್ಲಿಸಿ, ಹಾಡು ಮುಗಿದೊಡನೆ ಹಾಕಬಹುದು. ಬರಿಯ ಗೋಡೆ, ಕಲ್ಲುಹಾಸಿನ ನೆಲ ಇರುವ ಕೋಣೆಯಲ್ಲಿ ದನಿ ಅಲ್ಲಿ ಇಲ್ಲಿ ತಾಗಿ ಮರುದನಿಗೊಡುತ್ತದೆ. ಇದಕ್ಕೆ ಪೇಟೆಯಿಂದ ಬೆಲೆಬಾಳುವ ಸ್ಪಂಜು ತರಬೇಕಾಗಿಲ್ಲ. ಹಾಡುವವರ ಹಿಂದಿನ ಗೋಡೆಗೆ ಮನೆಯ ಕೌದಿಗಳನ್ನು ಇಳಿಬಿಟ್ಟು, ನೆಲಕ್ಕೆ ಜಮಖಾನ ಹಾಸಿದರೆ ಮರುದನಿ ಬಹಳ ಮಟ್ಟಿಗೆ ಅಡಗುತ್ತದೆ. ಬೀದಿಯ ಗದ್ದಲವನ್ನು ಮಾತ್ರ ಕೌದಿ ತಡೆಯಲಾರದು.

ಇಷ್ಟಾದರೂ ಹಿನ್ನೆಲೆಯಲ್ಲಿ ದುಂಬಿಯಂತೆ ಗುಂಯ್‌ಗುಡುವ ಸದ್ದು ಕೇಳಿದರೆ ಅದು ವಿದ್ಯುತ್ತಿನ ಕಾಟ. ಮಿಕ್ಸರೂ ಲ್ಯಾಪ್‌ಟಾಪೂ ಎರಡು ಬೇರೆ ಪ್ಲಗ್ಗುಗಳಿಂದ ವಿದ್ಯುತ್ತು ಪಡೆಯುತ್ತಿದ್ದರೆ ಎರಡನ್ನೂ ಒಂದೇ ಬೋರ್ಡಿಗೆ ತರಬೇಕು. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿದಾಗ ಸದ್ದು ನಿಂತರೆ ದೋಷ ಎಲ್ಲಿದೆಯೆಂಬುದು ತಿಳಿದಂತಾಯಿತು. ಮುದ್ರಣವನ್ನು ಬ್ಯಾಟರಿಯಲ್ಲೇ ಮುಗಿಸಬಹುದು. ಕರೆಂಟು ಹೋದಾಗ ಕೆಲವು ಇನ್ವರ್ಟರುಗಳೂ ಇಂಥ ಸದ್ದನ್ನು ಹುಟ್ಟಿಸುತ್ತವೆ. ಮೂರು ಕಡ್ಡಿಯ ಪ್ಲಗ್ಗಿನ ಅರ್ತಿಂಗ್ ಕಡ್ಡಿಯನ್ನು ಮುರಿದರೆ ಸದ್ದು ಹೋಗುತ್ತದೆಂದು ಸಲಹೆ ಕೊಡುವವರುಂಟು. ಆ ಮಾತಿಗೆ ಎಂದೂ ಕಿವಿಗೊಡಬಾರದು. ಮೈಕು ಹಿಡಿದ ಕೈಗೆ ವಿದ್ಯುತ್ತು ಹರಿಯದಂತೆ ಕಾಯುವುದು ಆ ಕಡ್ಡಿಯೇ. ಹಾಡಿಗಿಂತ ಹಾಡುವವರ ಪ್ರಾಣ ದೊಡ್ಡದು.

ಮುದ್ರಿಸಿದ ಮೇಲೆ ಕೆಲಸ ಮುಗಿಯಿತೆಂದು ಕೈತೊಳೆದುಕೊಳ್ಳುವವರೇ ಹೆಚ್ಚು. ಮೂಲ ಮುದ್ರಣವನ್ನು ‘ವೇವ್’ ರೂಪದಲ್ಲೇ ಕಾಪಾಡಬೇಕು. ಸಿಡಿಯ ಗುಣಮಟ್ಟದಲ್ಲಿ ಒಂದು ಗಂಟೆಯ ಹಾಡು ಸುಮಾರು 635 ಮೆಗಾಬೈಟ್ ಜಾಗವನ್ನು ಬೇಡುತ್ತದೆ. ಇಂದಿನ ಕಂಪ್ಯೂಟರುಗಳಿಗೆ ಅದೊಂದು ಭಾರವಲ್ಲ. ನೆಂಟರಿಗೆ ಮೊಬೈಲಿನಲ್ಲಿ ಕಳಿಸಲು ಎಂಪಿ3 ಸಾಕು, ಆದರೆ ಅದು ಗಾತ್ರವನ್ನು ಇಳಿಸಲು ದನಿಯ ಕೆಲವು ಅಂಶಗಳನ್ನು ಬಿಸಾಡುತ್ತದೆ. ಬಿಸಾಡಿದ್ದು ಮರಳಿ ಬಾರದು. ಮೂಲದ ಮೂರು ಪ್ರತಿಗಳಿರಲಿ, ಅವುಗಳಲ್ಲಿ ಒಂದು ಬೇರೆ ಊರಿನ ಬೇರೆ ಮನೆಯಲ್ಲಿರಲಿ.

ಗೌಹರ್ ಜಾನ್ ಅವರಿಂದಲೂ ಇಲ್ಲಿ ಕಲಿಯಬೇಕಾದ ಒಂದು ಪಾಠವಿದೆ. ಹಾಡು ಮುಗಿದೊಡನೆ ಯಂತ್ರವನ್ನು ನಿಲ್ಲಿಸದೆ, ಅಜ್ಜಿಯ ಬಾಯಿಂದಲೇ ಆಕೆಯ ಹೆಸರು, ತವರೂರು, ಈ ಹಾಡನ್ನು ಯಾರಿಂದ ಕಲಿತಳು, ಯಾವ ಸಂದರ್ಭದಲ್ಲಿ ಹಾಡುತ್ತಿದ್ದಳು ಎಂಬ ನಾಲ್ಕು ಮಾತು ಹೇಳಿಸಬೇಕು. ಕಡತದ ಹೆಸರು ಅಳಿಸಿಹೋದರೂ ಹಾಡಿನೊಳಗೇ ಸೇರಿದ ಗುರುತು ಅಳಿಯುವುದಿಲ್ಲ. ಹಾಡಿಗೆ ಹಾಡು, ಮನೆತನಕ್ಕೆ ಚರಿತ್ರೆ.

ಬೆರೆತ ದನಿಗಳನ್ನು ಬೇರ್ಪಡಿಸುವ ಹೊಸ ತಂತ್ರಾಂಶಗಳು ಈಗ ಬಂದಿವೆಯೆಂದು ಯಾರಾದರೂ ಆಕ್ಷೇಪಿಸಬಹುದು. ಬಂದಿರುವುದು ಸತ್ಯ, ಕೃತಕ ಬುದ್ಧಿಮತ್ತೆಯ ನೆರವಿನಿಂದ ಅವು ಬೆರಗುಗೊಳಿಸುವ ಕೆಲಸವನ್ನೂ ಮಾಡುತ್ತವೆ. ಹಾಲಿನಿಂದ ನೀರನ್ನು ಬೇರ್ಪಡಿಸುವ ಹಂಸವನ್ನು ಕವಿಗಳು ಬಣ್ಣಿಸಿದ್ದರು, ಕಂಪ್ಯೂಟರು ಇನ್ನೇನು ಆ ಹಂಸವೇ ಆಗಲಿದೆಯೆಂದು ತೋರುವುದುಂಟು. ಆದರೂ ಪೇಟಿಯ ಸ್ವರವೂ ಕಂಠದ ಸ್ವರವೂ ಹೆಣೆದುಕೊಂಡಿರುವೆಡೆ ಅದು ಪೇಟಿಯನ್ನು ಸೆಳೆಯುವಾಗ ಕಂಠದ ಒಂದೆರಡು ಎಳೆಗಳೂ ಹರಿದು ಬರುತ್ತವೆ. ವಯಸ್ಸಾದ ದನಿಯ ಮೆಲುನಡುಕ, ಸಾಲಿನ ಕೊನೆಯಲ್ಲಿ ಉಸಿರು ಎಳೆದುಕೊಳ್ಳುವ ಸದ್ದು, ಇವೇ ಮೊದಲು ಕಳೆದುಹೋಗುವ ಎಳೆಗಳು. ಹತ್ತು ವರ್ಷ ಕಳೆದು ಮೊಮ್ಮಕ್ಕಳು ಕೇಳಬಯಸುವುದೂ ಅವನ್ನೇ. ಹಂಸವನ್ನು ಕಾಯುವುದಕ್ಕಿಂತ ಹಾಲನ್ನೂ ನೀರನ್ನೂ ಎರಡು ಪಾತ್ರೆಗಳಲ್ಲಿ ಇಡುವುದು ಸುಲಭ. ಅದಕ್ಕೆ ಬೇಕಾದದ್ದು ಎರಡು ಗುಂಡಿಗಳನ್ನು ತಿರುಗಿಸುವಷ್ಟು ವ್ಯವಧಾನ ಮತ್ತು ಬೆಳಗಿನ ಒಂದು ತಂಪು ಗಳಿಗೆ.